ನಾನು ಇಂಗ್ಲಿಷು ಕಲಿತ ಬಗೆ

ಉದ್ಯೋಗದಿಂದ ನಿವೃತ್ತನಾಗಿ ಮನೆಯ ಚಾವಡಿಯಲ್ಲಿ ಕುಳಿತ ಉಪಾಧ್ಯಾಯನಿಗೆ ಊರಿನವರು ಪೂರ್ತಿ ವಿಶ್ರಾಂತಿಯನ್ನು ಕೊಡುವುದಿಲ್ಲ. ಲಗ್ನದ ವಿಚಾರವಾಗಿ ಜೋಯಿಸರಲ್ಲಿಗೆ ಹೋಗುವಂತೆ ಮಕ್ಕಳ ವಿದ್ಯೆಯ ವಿಚಾರವಾಗಿ ನಮ್ಮಂಥವರಲ್ಲಿಗೆ ಬರುವುದು ಈ ಕಡೆ ಇಂದಿಗೂ ಉಳಿದಿರುವ ವಾಡಿಕೆ. ಬಂದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: “ಮಾಸ್ತರೇ, ಹುಡುಗನು ಇಂಗ್ಲಿಷು ಓದುತ್ತಾನೆ, ಬರೆದರೆ ಅಂಕಗಳೂ ಬರುತ್ತವೆ. ಆದರೆ ನಾಲ್ಕು ಜನರೆದುರು ನಾಲ್ಕು ಮಾತನ್ನಾಡಲು ಹೋದರೆ ಬಾಯಿ ಕಟ್ಟುತ್ತದೆ. ಇದಕ್ಕೇನು ಮಾಡೋಣ?” ಈ ಪ್ರಶ್ನೆಗೆ ಜಗಲಿಯಲ್ಲಿ ಕುಳಿತು ಒಂದು ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಆದುದರಿಂದ ನಾನೇ ಆ ಭಾಷೆಯನ್ನು ಕಲಿತ ಬಗೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆದಿಡುತ್ತೇನೆ. ಮನೆಯಲ್ಲಿ ಓದುವ ಮಕ್ಕಳಿರುವ ಗೃಹಸ್ಥರಿಗೆ ಇದರಿಂದ ಎಳ್ಳಷ್ಟಾದರೂ ಪ್ರಯೋಜನವಾದರೆ ಸಂತೋಷ.

ಮೊದಲು ಒಂದು ಮಾತು. ಯಾವ ವಿದ್ಯೆಯಲ್ಲಿಯೂ ಆರಂಭದಲ್ಲಿ ಉತ್ಸಾಹವಿರುತ್ತದೆ, ಅಂತ್ಯದಲ್ಲಿ ಆನಂದವಿರುತ್ತದೆ, ಕಷ್ಟವೆಲ್ಲ ನಡುವಿನದು. ನಮ್ಮ ಹಿಂದಿನ ವೈಯಾಕರಣರು ಇದನ್ನು ಅರಿತಿದ್ದರು. ಭಟ್ಟೋಜಿ ದೀಕ್ಷಿತರು ಸಿದ್ಧಾಂತಕೌಮುದಿಯನ್ನು ರಚಿಸಿದ ಮೇಲೆ ಅವರ ಶಿಷ್ಯರಾದ ವರದರಾಜರು ಬಾಲಕರಿಗಾಗಿ ಲಘುಕೌಮುದಿಯನ್ನು ಬರೆದರು. ಅಷ್ಟಕ್ಕೇ ಸುಮ್ಮನಾಗದೆ ಮಧ್ಯಕೌಮುದಿಯೆಂಬ ಇನ್ನೊಂದನ್ನೂ ಬರೆದರು. ಲಘುವನ್ನು ಮುಗಿಸಿದವನು ನೇರವಾಗಿ ದೊಡ್ಡ ಗ್ರಂಥಕ್ಕೆ ಹಾರಲಾರನು, ನಡುವೆ ಒಂದು ಮೆಟ್ಟಲು ಬೇಕು ಎಂಬುದು ಇದರ ತಾತ್ಪರ್ಯವಾಗಿರಬೇಕು. ಮದರಾಸು ವಿಶ್ವವಿದ್ಯಾಲಯದ ಆಡಳಿತದಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಿದ್ದಾಗ ಪ್ರೌಢಶಾಲೆಗೂ ಪದವಿಗೂ ಮಧ್ಯದ ಎರಡು ವರ್ಷದ ತರಗತಿಗೆ ‘ಇಂಟರ್‌ಮೀಡಿಯೆಟ್’ ಎಂದೇ ಹೆಸರು. ಆ ತರಗತಿಯು ಹೋಗಿ ಪಿ.ಯು.ಸಿ. ಬಂದು ಬಹುಕಾಲವಾಯಿತು, ಆದರೆ ಆ ಮಧ್ಯಾವಸ್ಥೆಯು ಎಲ್ಲಿಗೂ ಹೋಗಲಿಲ್ಲ. ಭರ್ತೃಹರಿಯು ವಾಕ್ಕಿಗೆ ಪಶ್ಯಂತೀ, ಮಧ್ಯಮಾ, ವೈಖರೀ ಎಂದು ಮೂರು ಅವಸ್ಥೆಗಳನ್ನು ಹೇಳುತ್ತಾನೆ. ಮಧ್ಯಮೆಯಲ್ಲಿ ಮಾತು ಮನಸ್ಸಿನೊಳಗೆ ಕ್ರಮವಾಗಿ ಜೋಡಿಸಲ್ಪಟ್ಟಿರುತ್ತದೆ, ಕಂಠದಿಂದ ಹೊರಡುವುದಿಲ್ಲ. ಹೊರಟು ಕಿವಿಗೆ ಕೇಳಿಸಿದರೆ ಅದು ವೈಖರಿ. ಭರ್ತೃಹರಿಯ ಅಭಿಪ್ರಾಯವು ಇದಕ್ಕಿಂತ ಬಹಳ ಗಹನವಾದುದು. ಆದರೂ ಕಾಲೇಜಿನ ಮೊದಲ ವರ್ಷ ಇಂಗ್ಲಿಷಿನಲ್ಲಿ ನನ್ನ ಸ್ಥಿತಿಯನ್ನು ಹೇಳಲು ಇದಕ್ಕಿಂತ ಸರಿಯಾದ ಶಬ್ದ ನನಗೆ ದೊರೆಯದು. ನನ್ನದೆಲ್ಲ ಮಧ್ಯಮಾವಾಕ್ಕು.

ಕಾಪು ಸಮೀಪದ ಒಂದು ಹಳ್ಳಿ ನನ್ನ ಹುಟ್ಟೂರು. ಮನೆಯ ಮಾತು ತುಳು. ಶಾಲೆಗೆ ಹೋದ ಮೇಲೆ ಕನ್ನಡ. ಐದನೆಯ ತರಗತಿಯಲ್ಲಿ ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳು ಕಣ್ಣಿಗೆ ಬಿದ್ದುವು. ಎಸ್.ಎಸ್.ಎಲ್.ಸಿ. ಮುಗಿದ ಮೇಲೆ ಉಡುಪಿಯ ಸಂಸ್ಕೃತ ಮಹಾಪಾಠಶಾಲೆಯನ್ನು ಸೇರಿದೆನು. ಅಲ್ಲಿ ಸಂಸ್ಕೃತವೇ ಉಸಿರು. ಹೀಗೆ ಕ್ರಮವಿಟ್ಟು ಎಣಿಸಿದರೆ ಇಂಗ್ಲಿಷು ನನಗೆ ನಾಲ್ಕನೆಯ ನುಡಿ. ಇದು ನನ್ನೊಬ್ಬನ ಸಂಗತಿಯೆಂದು ವಾಚಕರು ತಿಳಿಯಬಾರದು. ಈ ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕುಂದಾಪುರದ ಕಡೆಯ ಕನ್ನಡ ಎಂದು ಮನೆಮಾತುಗಳು ಅನೇಕವಿವೆ. ಪೇಟೆಯ ಅಂಗಡಿಯವನು ಗಿರಾಕಿಯ ಮುಖವನ್ನು ನೋಡಿ ಭಾಷೆಯನ್ನು ಬದಲಾಯಿಸುವುದು ಇಲ್ಲಿ ನಿತ್ಯದ ನೋಟ. ಇಂಥ ನಾಡಿನ ಹುಡುಗರು ಮತ್ತೊಂದು ಭಾಷೆಗೆ ಅಂಜುವುದೇಕೆ ಎಂಬುದೇ ಯೋಚಿಸತಕ್ಕ ವಿಷಯ.

ಪಾಠಶಾಲೆಯಲ್ಲಿದ್ದುಕೊಂಡೇ ಖಾಸಗಿಯಾಗಿ ಪಿ.ಯು.ಸಿ. ಪರೀಕ್ಷೆಗೆ ಕುಳಿತು, ೧೯೮೪ರಲ್ಲಿ ಉಡುಪಿಯ ಒಂದು ಕಾಲೇಜಿನಲ್ಲಿ ಬಿ.ಎ. ತರಗತಿಗೆ ಸೇರಿದೆನು. ಮಂಗಳೂರು ವಿಶ್ವವಿದ್ಯಾಲಯವು ೧೯೮೦ರಲ್ಲಿ ಸ್ಥಾಪನೆಗೊಂಡು ಆಗ ನಾಲ್ಕು ವರ್ಷವಾಗಿತ್ತು. ಅಷ್ಟರೊಳಗೆ ಈ ಸೀಮೆಯಲ್ಲಿ ಕಾಲೇಜುಗಳು ಬೇರೂರಿದ್ದುವು. ಡಾಕ್ಟರ್ ಟಿ. ಎಂ. ಎ. ಪೈಗಳವರ ಪ್ರಯತ್ನದಿಂದ ೧೯೪೯ರಲ್ಲಿ ಮಹಾತ್ಮ ಗಾಂಧಿ ಮೆಮೋರಿಯಲ್ ಕಾಲೇಜು, ೧೯೫೩ರಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ೧೯೬೦ರಲ್ಲಿ ಕಾರ್ಕಳದ ಭುವನೇಂದ್ರ ಕಾಲೇಜು ಹುಟ್ಟಿಕೊಂಡಿದ್ದುವು; ಅದೇ ವರ್ಷ ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜೂ ಬೇರೆಯಾಗಿ ಹುಟ್ಟಿತ್ತು. ಹಿಂದೆ ಕಾಲೇಜಿಗಾಗಿ ಮಂಗಳೂರಿಗೋ ಮದರಾಸಿಗೋ ಹೋಗಬೇಕಾಗಿದ್ದ ಮಕ್ಕಳು ಮನೆಯ ಗಂಜಿಯನ್ನುಂಡು ಬಸ್ಸು ಹತ್ತಿ ಕಾಲೇಜಿಗೆ ಹೋಗುವ ಕಾಲವು ಬಂದಿತ್ತು. ಕೃಷಿಕರ, ಬೆಸ್ತರ, ನೇಕಾರರ, ಬೀಡಿ ಕಟ್ಟುವ ತಾಯಂದಿರ ಮಕ್ಕಳು ಪದವಿಯ ತರಗತಿಯಲ್ಲಿ ಬಂದು ಕುಳಿತರು. ಅವರೆಲ್ಲರೂ ಬೇರೆ ವಿಷಯಗಳಲ್ಲಿ ತಕ್ಕಮಟ್ಟಿಗೆ ನಿಭಾಯಿಸುತ್ತಿದ್ದರು. ಇಂಗ್ಲಿಷು ಮಾತ್ರ ಬಾಗಿಲಲ್ಲಿ ನಿಂತ ಸುಂಕದವನಂತೆ ಒಬ್ಬೊಬ್ಬರನ್ನೂ ತಡೆಯುತ್ತಿತ್ತು.

ನಾನು ಓದಿದ ಕಾಲೇಜಿನಲ್ಲಿ ಒಂದು ರೂಢಿ ನಡೆದುಬಂದಿತ್ತು. ಮೊದಲನೆಯ ದಿನ ಒಬ್ಬೊಬ್ಬರೂ ಎದ್ದುನಿಂತು ಹೆಸರನ್ನೂ ಕಲಿತ ಶಾಲೆಯನ್ನೂ ಇಂಗ್ಲಿಷಿನಲ್ಲಿ ಹೇಳಬೇಕು. ತಡವರಿಸಿದವರು ತಾವಾಗಿಯೇ ಮರುದಿನ ಹಿಂದಿನ ಬೆಂಚಿಗೆ ಸರಿಯುತ್ತಿದ್ದರು. ಸರಿಯಬೇಡಿರೆಂದು ಯಾರೂ ಹೇಳುತ್ತಿರಲಿಲ್ಲ. ನನ್ನ ಶಿಖೆಯನ್ನೂ ಪಂಚೆಯನ್ನೂ ನೋಡಿ ಕೆಲವರು ನಕ್ಕರು. ನಗುವಿನಿಂದ ನನಗೆ ಅಷ್ಟು ನೋವಾಗಲಿಲ್ಲ. ಎದುರಿಗಿದ್ದ ಪುಸ್ತಕದ ವಾಕ್ಯಗಳು ನನಗೆ ಪೂರ್ಣವಾಗಿ ಅರ್ಥವಾಗುತ್ತಿದ್ದುವು, ಅವುಗಳಲ್ಲಿ ಕರ್ತೃ ಯಾವುದು, ಕರ್ಮ ಯಾವುದು ಎಂದು ನಕ್ಕವರಿಗಿಂತ ಚೆನ್ನಾಗಿ ನಾನು ಬಿಡಿಸಬಲ್ಲೆನು, ಆದರೂ ಆ ಮಾತನ್ನು ಹೇಳಲು ನನ್ನಲ್ಲಿ ಮಾತಿಲ್ಲ. ಈ ಅವಸ್ಥೆಯೇ ನನ್ನನ್ನು ಬಾಧಿಸಿತು.

ನನ್ನ ಪಕ್ಕದಲ್ಲಿ ಕುಳಿತವನು ಕಾರ್ಕಳದ ಕಡೆಯ ಒಬ್ಬ ಗೆಳೆಯ. ಪಾಠಶಾಲೆಯಲ್ಲಿಯೂ ನನ್ನ ಸಹಪಾಠಿ. ತರ್ಕದಲ್ಲಿ ನನಗಿಂತ ಎಷ್ಟೋ ಪಾಲು ಮೇಲು. ಮೂರು ಹೊತ್ತು ವಾದಕ್ಕೆ ನಿಂತರೂ ಸೋಲದ ಅವನ ನಾಲಗೆಯು ಇಂಗ್ಲಿಷು ತರಗತಿಯಲ್ಲಿ ಕಲ್ಲಾಗುತ್ತಿತ್ತು. ಆ ಕಾಲದ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಪೇಟೆಯಲ್ಲಿ ಮಾರುವ ‘ಗೈಡು’ಗಳನ್ನು ಕೊಂಡು ಪಾಠದ ಸಾರಾಂಶವನ್ನು ಉರು ಹೊಡೆಯುತ್ತಿದ್ದರು. ಉರು ಹೊಡೆಯುವುದು ನಮಗೆ ಹೊಸತೇ? ಅಮರಕೋಶವನ್ನೂ ಧಾತುಪಾಠವನ್ನೂ ಬಾಯಲ್ಲಿ ಹೊತ್ತವರು ನಾವು. ಆದರೆ ನನ್ನ ಗೆಳೆಯನದು ಹಟದ ಸ್ವಭಾವ. “ಅರ್ಥವಾದುದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ಮತ್ತೊಬ್ಬನ ಮಾತನ್ನು ನನ್ನದೆಂದು ಬರೆಯಲಾರೆ” ಎಂದನು. ಬರೆದನು. ಅವನ ಮಾತಿನಲ್ಲಿ ವಿಚಾರವಿದ್ದರೂ ವಾಕ್ಯವು ನೆಟ್ಟಗಿರಲಿಲ್ಲ. ಗೈಡನ್ನು ಒಪ್ಪಿಸಿದವರು ಉತ್ತೀರ್ಣರಾದರು, ಇವನು ಅನುತ್ತೀರ್ಣನಾದನು. ಮತ್ತೆ ಕುಳಿತನು, ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲದ ಫಲಿತಾಂಶವು ಬಂದ ವಾರದಲ್ಲಿ ಮನೆಯವರಿಗೆ ಒಂದು ಚೀಟಿಯನ್ನು ಬರೆದಿಟ್ಟು ಬೊಂಬಾಯಿಯ ಬಸ್ಸನ್ನು ಹತ್ತಿದನು. ಉಡುಪಿ ಕಡೆಯ ಹುಡುಗರಿಗೆ ಆಗ ಬೊಂಬಾಯಿಯ ಹೋಟಲೆಂದರೆ ಎರಡನೆಯ ತಾಯಿಮನೆಯಂತೆ. ಎಲ್ಲಿಯೂ ಸಲ್ಲದವನು ಅಲ್ಲಿ ಸಲ್ಲುತ್ತಿದ್ದನು.

ಅವನು ಹೋದ ಮೇಲೆ ನಾನು ಒಬ್ಬಂಟಿಗನಾದೆನು. ಓದನ್ನು ಬಿಡೋಣವೇ ಎಂದು ನನಗೂ ತೋರಿತು. ಆಗ ನನ್ನನ್ನು ಉಳಿಸಿದವರು ಇಂಗ್ಲಿಷು ಬೋಧಿಸುತ್ತಿದ್ದ ಒಬ್ಬ ಅಧ್ಯಾಪಕರು. ಅವರು ಒಂದು ಸಂಜೆ ನನ್ನನ್ನು ಕರೆದು, “ತರಗತಿಗೆ ಬರುವಾಗ ನಿಮ್ಮ ಪಾಣಿನಿಯನ್ನು ಮನೆಯಲ್ಲಿ ಬಿಟ್ಟು ಬರುತ್ತೀರಲ್ಲ, ಏಕೆ?” ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. “ನಿಮ್ಮಲ್ಲಿರುವ ವ್ಯಾಕರಣದಿಂದ ಇಂಗ್ಲಿಷನ್ನು ನೋಡಿರಿ. ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ, ಎರಡನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ” ಎಂದರು. ಅವರು ಕನ್ನಡ ಕಾವ್ಯವನ್ನೂ ಚೆನ್ನಾಗಿ ಓದಿದವರು. ಇದರಲ್ಲಿ ಆಶ್ಚರ್ಯವಿಲ್ಲ, ಕನ್ನಡದ ಹೊಸ ಕವಿತೆಗೆ ದಾರಿ ತೋರಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷು ಪ್ರಾಧ್ಯಾಪಕರಾಗಿದ್ದರು. ನಮ್ಮ ಪೂರ್ಣಪ್ರಜ್ಞ ಕಾಲೇಜಿಗೆ ಕೆಲವು ವರ್ಷ ಪ್ರಾಂಶುಪಾಲರಾಗಿದ್ದ ಗೋಪಾಲಕೃಷ್ಣ ಅಡಿಗರೂ ಇಂಗ್ಲಿಷು ಬೋಧಿಸಿದವರೇ. ಆ ಭಾಷೆಯನ್ನು ಚೆನ್ನಾಗಿ ಕಲಿತವರು ತಮ್ಮ ಭಾಷೆಯನ್ನು ಮರೆಯಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇವರೇ ಸಾಕ್ಷಿ.

ಅಂದಿನಿಂದ ನಾನು ಆ ಪುಸ್ತಕವನ್ನು ಬರೆಯತೊಡಗಿದೆನು. ಅದರಲ್ಲಿಯ ಕೆಲವು ಸಂಗತಿಗಳನ್ನು ಇಲ್ಲಿ ಹೇಳಿದರೆ ಓದುವ ಮಕ್ಕಳಿಗೆ ವಿನೋದವೂ ಆದೀತು, ಸಹಾಯವೂ ಆದೀತು.

ಸಂಸ್ಕೃತದಲ್ಲಿ ‘ರಾಮಃ ಫಲಂ ಖಾದತಿ’ ಎಂಬ ಮೂರು ಪದಗಳನ್ನು ಹೇಗೆ ಹಿಂದುಮುಂದು ಮಾಡಿದರೂ ತಿನ್ನುವವನು ರಾಮನೇ. ವಿಭಕ್ತಿಯು ಅವನನ್ನು ಕಾಯುತ್ತದೆ. ಕನ್ನಡದಲ್ಲಿಯೂ ‘ಹಣ್ಣನ್ನು ರಾಮ ತಿಂದ’ ಎನ್ನಬಹುದು. ಇಂಗ್ಲಿಷಿನಲ್ಲಿ ಈ ಕಾವಲಿಲ್ಲ. ಪದಗಳ ಸ್ಥಾನವೇ ಅಲ್ಲಿ ವಿಭಕ್ತಿ. ಸ್ಥಾನವನ್ನು ತಪ್ಪಿಸಿದರೆ ಹಣ್ಣೇ ರಾಮನನ್ನು ತಿಂದುಬಿಡುತ್ತದೆ. ನಮ್ಮ ಹುಡುಗರು ಶಬ್ದಗಳನ್ನು ಬೇಕಾದಷ್ಟು ಬಲ್ಲವರಾದರೂ ವಾಕ್ಯದಲ್ಲಿ ಎಡವುವುದು ಇಲ್ಲಿಯೇ. ಶ್ಲೋಕಕ್ಕೆ ಅನ್ವಯವನ್ನು ಮಾಡುವ ಅಭ್ಯಾಸವಿದ್ದ ನನಗೆ ಒಂದು ಉಪಾಯ ಹೊಳೆಯಿತು. ಹೇಳಬೇಕಾದುದನ್ನು ಮೊದಲು ಮನಸ್ಸಿನಲ್ಲಿ ಕರ್ತೃ, ಕ್ರಿಯೆ, ಕರ್ಮ ಎಂದು ದಂಡಾನ್ವಯದಂತೆ ಸಾಲಾಗಿ ನಿಲ್ಲಿಸಿಕೊಳ್ಳುವುದು. ಆಮೇಲೆ ಬಾಯಿ ತೆರೆಯುವುದು. ಮೊದಮೊದಲು ನಿಧಾನವಾಗುತ್ತಿತ್ತು. ಎರಡು ತಿಂಗಳಲ್ಲಿ ಸಾಲು ತಾನಾಗಿ ನಿಲ್ಲತೊಡಗಿತು.

ಇನ್ನೊಂದು ತೊಡಕು, ‘ಗಿವ್ ಅಪ್’, ‘ಗಿವ್ ಇನ್’, ‘ಗಿವ್ ಔಟ್’ ಎಂಬಂತಹ ಜೋಡಿಮಾತುಗಳದು. ‘ಗಿವ್’ ಎಂದರೆ ಕೊಡು. ‘ಗಿವ್ ಅಪ್’ ಎಂದರೆ ಬಿಟ್ಟುಬಿಡು. ‘ಗಿವ್ ಇನ್’ ಎಂದರೆ ಮಣಿ. ಇದೇನು ವಿಪರೀತವೆಂದು ಸಹಪಾಠಿಗಳು ಬೈದುಕೊಳ್ಳುತ್ತಿದ್ದರು. ಆದರೆ ‘ಹೃ’ ಎಂಬ ಒಂದೇ ಧಾತುವಿನಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂಬ ಶಬ್ದಗಳು ಹುಟ್ಟಿ ಒಂದರ ಮುಖವನ್ನು ಇನ್ನೊಂದು ನೋಡದಷ್ಟು ದೂರ ಹೋಗಿರುವುದನ್ನು ನಾವು ದಿನವೂ ಕಾಣುತ್ತೇವಷ್ಟೆ. ಉಪಸರ್ಗವು ಧಾತುವಿನ ಅರ್ಥವನ್ನು ಬದಲಾಯಿಸುತ್ತದೆ. ಇಂಗ್ಲಿಷಿನಲ್ಲಿ ಆ ಉಪಸರ್ಗವು ಕ್ರಿಯಾಪದದ ಹಿಂದೆ ಬಂದು ನಿಲ್ಲುತ್ತದೆ, ಅಷ್ಟೇ ಭೇದ. ವೇದದಲ್ಲಿ ಉಪಸರ್ಗವು ಕ್ರಿಯೆಯಿಂದ ಬೇರೆಯಾಗಿ ದೂರದಲ್ಲಿ ನಿಲ್ಲುವುದುಂಟೆಂದು ನಾವು ಓದಿದ್ದೆವು. ಅದನ್ನು ನೆನೆದ ಮೇಲೆ ಈ ಜೋಡಿಮಾತುಗಳು ನನಗೆ ಪರಕೀಯವೆನಿಸಲಿಲ್ಲ.

ಉಚ್ಚರಿಸದ ಅಕ್ಷರಗಳ ವಿಚಾರವು ಇದಕ್ಕಿಂತ ಸ್ವಾರಸ್ಯವಾಗಿದೆ. ‘ತಿಳಿ’ ಎಂಬರ್ಥದ ‘ನೋ’ ಶಬ್ದವನ್ನು ಬರೆಯುವಾಗ ಮೊದಲಿಗೊಂದು ‘ಕೆ’ ಅಕ್ಷರವನ್ನು ಬರೆಯಬೇಕು. ಓದುವಾಗ ಅದು ಮೂಕ. ಮೊಣಕಾಲು ಎಂಬರ್ಥದ ‘ನೀ’ ಶಬ್ದಕ್ಕೂ ಹಾಗೆಯೇ. ಬರೆದಂತೆ ಓದುವ ಕನ್ನಡಿಗನಿಗೆ ಇದು ಅನ್ಯಾಯವೆಂದೇ ತೋರುತ್ತದೆ. ಆದರೆ ಸಂಸ್ಕೃತದಲ್ಲಿ ತಿಳಿಯುವುದಕ್ಕೆ ‘ಜ್ಞಾ’ ಧಾತು, ಮೊಣಕಾಲಿಗೆ ‘ಜಾನು’. ನಮ್ಮಲ್ಲಿ ಜಕಾರವಿರುವ ಕಡೆ ಅವರಲ್ಲಿ ಹಿಂದೆ ಕಕಾರವಿದ್ದು ಅದನ್ನು ಉಚ್ಚರಿಸುತ್ತಿದ್ದರು. ಧ್ವನಿಯು ಸತ್ತುಹೋಗಿದೆ, ಬರವಣಿಗೆಯಲ್ಲಿ ಅದರ ಗುರುತು ಉಳಿದಿದೆ. ‘ನೈಟ್’ ಶಬ್ದದ ನಡುವಿನ ‘ಜಿ’, ‘ಎಚ್’ ಎಂಬ ಮೂಕಾಕ್ಷರಗಳಿಗೆ ನಮ್ಮ ‘ನಕ್ತ’ದ ಕಕಾರವನ್ನೂ, ‘ಡಾಟರ್’ ಶಬ್ದದಲ್ಲಿರುವ ಅವೇ ಅಕ್ಷರಗಳಿಗೆ ‘ದುಹಿತೃ’ವಿನ ಹಕಾರವನ್ನೂ ಎದುರಿಗೆ ಇಟ್ಟು ನೋಡಬಹುದು. ೧೭೮೬ರಲ್ಲಿ ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳಿಗೆ ಮೂಲವೊಂದೇ ಇರಬೇಕೆಂದು ಹೇಳಿದನು. ತರುವಾಯ ೧೮೨೨ರಲ್ಲಿ ಜರ್ಮನಿಯ ಯಾಕೋಬ್ ಗ್ರಿಮ್ ಎಂಬ ವಿದ್ವಾಂಸನು ಈ ಧ್ವನಿಭೇದಗಳ ನಿಯಮವನ್ನು ವಿವರಿಸಿದನು. ನಮ್ಮ ಪಕಾರಕ್ಕೆ ಅವರಲ್ಲಿ ‘ಎಫ್’: ಪಿತೃ, ಫಾದರ್, ಪಾದ, ಫುಟ್, ಪಂಚ, ಫೈವ್. ನಮ್ಮ ದಕಾರಕ್ಕೆ ಅವರಲ್ಲಿ ‘ಟಿ’: ದಶ, ಟೆನ್, ದ್ವಿ, ಟು, ದಂತ, ಟೂತ್. ಈ ನಿಯಮವನ್ನು ಅಧ್ಯಾಪಕರು ಕಪ್ಪುಹಲಗೆಯ ಮೇಲೆ ಬರೆದ ದಿನ ಹಿಂದಿನ ಬೆಂಚಿನಲ್ಲಿದ್ದ ನಾನು, ಕೇಳದೆಯೇ, ‘ತ್ರಿ, ಥ್ರೀ’ ಎಂದು ಗಟ್ಟಿಯಾಗಿ ಹೇಳಿದೆನು. ಆ ತರಗತಿಯಲ್ಲಿ ನನ್ನ ಕಂಠವು ಮೊದಲು ಕೇಳಿಸಿದುದು ಅಂದು.

ಸಂಸ್ಕೃತವೊಂದೇ ಸಹಾಯಕ್ಕೆ ಬಂದಿತೆಂದು ಹೇಳಿದರೆ ಮನೆಮಾತಿಗೆ ದ್ರೋಹವಾದೀತು. ‘ಅವನು ಬಂದನು’, ‘ಅವನು ಬಂದಿದ್ದಾನೆ’ ಎಂಬ ಎರಡು ಭೂತಕಾಲಗಳ ಭೇದವನ್ನು ಇಂಗ್ಲಿಷು ವ್ಯಾಕರಣವು ಪುಟಗಟ್ಟಲೆ ವಿವರಿಸುತ್ತದೆ. ತುಳುವಿನಲ್ಲಿ ‘ಆಯೆ ಬತ್ತೆ’ ಎಂಬುದು ಒಂದು, ‘ಆಯೆ ಬೈದೆ’ ಎಂಬುದು ಇನ್ನೊಂದು. ‘ಯಾನ್ ಪೋಯೆ’ ಬೇರೆ, ‘ಯಾನ್ ಪೋತೆ’ ಬೇರೆ. ಸಹಾಯಕ್ರಿಯೆಯ ಹಂಗಿಲ್ಲದೆ ಒಂದೊಂದೇ ಪದದಲ್ಲಿ ಈ ಭೇದವನ್ನು ನಮ್ಮ ಮನೆಯ ಕೂಸುಗಳು ಯಾರೂ ಕಲಿಸದೆಯೇ ನುಡಿಯುತ್ತವೆ. ಇಂಗ್ಲಿಷಿನ ‘ಕ್ಯಾಟ್’, ‘ಬ್ಯಾಟ್’ ಎಂಬಲ್ಲಿಯ ಅಗಲವಾದ ಸ್ವರಕ್ಕೆ ಹತ್ತಿರದ ಸ್ವರವೂ ತುಳುವಿನಲ್ಲಿದೆ; ಕನ್ನಡ ಲಿಪಿಯಲ್ಲಿ ಅದನ್ನು ಬರೆಯಲು ಅಕ್ಷರವಿಲ್ಲವಾದ್ದರಿಂದ ಅದು ನಮ್ಮಲ್ಲಿದೆಯೆಂಬುದನ್ನೇ ನಾವು ಮರೆತಿರುತ್ತೇವೆ.

ಹೊಂದದ ಸಂಗತಿಗಳೂ ಇದ್ದುವು. ‘ಎ’, ‘ದಿ’ ಎಂಬ ಉಪಪದಗಳಿಗೆ ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ ಸಮಾನವಾದುದು ಇಲ್ಲ. ಅವನ್ನು ಓದಿ ಓದಿ ಕಿವಿಗೆ ಒಗ್ಗಿಸಿಕೊಳ್ಳುವುದೇ ದಾರಿ. ಬಸ್ಸು, ಕಾರು, ಬೆಂಚು ಎಂದು ಪ್ರತಿ ಶಬ್ದದ ಕೊನೆಗೆ ಉಕಾರವನ್ನು ಸೇರಿಸುವ ನಮ್ಮ ನಾಲಗೆಯನ್ನು ಅಲ್ಲಲ್ಲಿ ತಡೆಯಬೇಕು. ನಮ್ಮ ಛಂದಸ್ಸಿಗೆ ಗುರುಲಘುಗಳ ಕಾಲಪ್ರಮಾಣವು ಮುಖ್ಯ. ಇಂಗ್ಲಿಷಿನಲ್ಲಿ ಒಂದು ಅಕ್ಷರವನ್ನು ಒತ್ತಿ ಉಳಿದವನ್ನು ತೇಲಿಸುವುದು ಮುಖ್ಯ. ಒತ್ತು ಸ್ಥಳ ತಪ್ಪಿದರೆ ಶಬ್ದವು ಸರಿಯಾಗಿದ್ದರೂ ಕೇಳುವವನಿಗೆ ತಿಳಿಯುವುದಿಲ್ಲ. ಇದನ್ನು ಅಭ್ಯಾಸ ಮಾಡಲು ನಾನು ಆದಿತ್ಯವಾರ ಸಂಜೆ ಕಾಪುವಿನ ಸಮುದ್ರತೀರಕ್ಕೆ ಹೋಗುತ್ತಿದ್ದೆನು. ಅಲ್ಲಿ ೧೯೦೧ರಲ್ಲಿ ಕಟ್ಟಿದ ದೀಪಸ್ತಂಭವು ಬಂಡೆಯ ಮೇಲೆ ನಿಂತಿದೆ. ಗ್ರೀಸು ದೇಶದ ಡೆಮಾಸ್ತನೀಸನು ಕಡಲಿನ ಮೊರೆತಕ್ಕೆ ಎದುರಾಗಿ ಭಾಷಣವನ್ನು ಅಭ್ಯಾಸ ಮಾಡಿದನೆಂಬ ಕಥೆಯನ್ನು ಪಠ್ಯದಲ್ಲಿ ಓದಿದ್ದೆನು. ನಾನೂ ಹಳೆಯ ಇಂಗ್ಲಿಷು ಪತ್ರಿಕೆಯೊಂದನ್ನು ಹಿಡಿದು ಅಲೆಗಳಿಗೆ ಓದಿ ಹೇಳುತ್ತಿದ್ದೆನು. ಅಲೆಗಳು ನಗುವುದಿಲ್ಲವೆಂಬುದೊಂದು ದೊಡ್ಡ ಅನುಕೂಲ.

ಹೀಗಿರುವಾಗ ನೆರೆಮನೆಯ ವಿಧವೆಯೊಬ್ಬಳು ಒಂದು ಲಕೋಟೆಯನ್ನು ಹಿಡಿದುಕೊಂಡು ಬಂದಳು. ಅವಳ ಗಂಡನು ಊರು ಬಿಟ್ಟು ದುಡಿಯುತ್ತಿದ್ದಲ್ಲಿಯೇ ತೀರಿಹೋಗಿದ್ದನು. ಬರಬೇಕಾದ ಅಲ್ಪಸ್ವಲ್ಪ ಹಣದ ವಿಚಾರವಾಗಿ ಆ ಕಾಗದವು ಬಂದಿತ್ತು, ಇಂಗ್ಲಿಷಿನಲ್ಲಿ. ಊರಿನಲ್ಲಿ ಒಬ್ಬಿಬ್ಬರು ಅದನ್ನು ಓದಿ, “ಹಣ ಬರುತ್ತದೆ ಎಂದು ಬರೆದಿದ್ದಾರೆ, ಕಾದಿರು” ಎಂದು ಹೇಳಿ ಕಳುಹಿಸಿದ್ದರು. ನಾನು ಓದಿದೆನು. ವಾಕ್ಯದಲ್ಲಿ ‘ಅನ್‌ಲೆಸ್’ ಎಂಬ ಶಬ್ದವಿತ್ತು. ತರ್ಕವನ್ನು ಓದಿದವನಿಗೆ ಆ ಶಬ್ದವು ವ್ಯತಿರೇಕದ ಬಾಗಿಲು: ಇದು ಇಲ್ಲದಿದ್ದರೆ ಅದೂ ಇಲ್ಲ. ನಿಶ್ಚಿತವಾದ ದಿನದೊಳಗೆ ಮರಣದ ದಾಖಲೆಯನ್ನು ಕಳುಹಿಸದ ಹೊರತು ಹಣವು ಬಾರದು ಎಂಬುದು ಅದರ ಅರ್ಥ. ಆ ದಿನಕ್ಕೆ ಒಂಬತ್ತು ದಿನಗಳು ಉಳಿದಿದ್ದುವು. ದಾಖಲೆಗಾಗಿ ಓಡಾಡಿದ್ದಾಯಿತು, ನಾನೇ ಇಂಗ್ಲಿಷಿನಲ್ಲಿ ಉತ್ತರವನ್ನು ಬರೆದು ರಿಜಿಸ್ಟರು ಟಪ್ಪಾಲಿನಲ್ಲಿ ಕಳುಹಿಸಿದೆನು. ಹಣ ಬಂದಿತು. ಆ ಪತ್ರವನ್ನು ಬರೆಯುವ ರಾತ್ರಿ ಒಂದೊಂದು ಪದವನ್ನೂ ತೂಗಿ ನೋಡಿದಷ್ಟು ಶ್ರದ್ಧೆಯಿಂದ ನಾನು ಯಾವ ಪರೀಕ್ಷೆಯ ಉತ್ತರವನ್ನೂ ಬರೆದವನಲ್ಲ. ಪರೀಕ್ಷೆಯಲ್ಲಿ ತಪ್ಪಿದರೆ ಅಂಕ ಹೋಗುತ್ತದೆ. ಇಲ್ಲಿ ತಪ್ಪಿದರೆ ಒಂದು ಮನೆಯ ಅನ್ನ ಹೋಗುತ್ತಿತ್ತು. ಅಂದಿನಿಂದ ಊರಿನ ಇಂಗ್ಲಿಷು ಕಾಗದಗಳೆಲ್ಲ ನಮ್ಮ ಮನೆಗೆ ಬರತೊಡಗಿದುವು, ಮತ್ತು ನನ್ನ ಇಂಗ್ಲಿಷು ಅಂದಿನಿಂದಲೇ ನಿಜವಾಗಿ ಬೆಳೆಯಿತು.

ಬೊಂಬಾಯಿಗೆ ಹೋದ ಗೆಳೆಯನ ಕಾಗದವು ಒಂದು ವರ್ಷದ ಮೇಲೆ ಬಂದಿತು. ಹೋಟಲಿನ ಗಲ್ಲೆಯಲ್ಲಿ ಕುಳಿತಿದ್ದಾನಂತೆ. ಮರಾಠಿ, ಹಿಂದಿ, ಗುಜರಾತಿ, ಇಂಗ್ಲಿಷು ಎಲ್ಲವೂ ಬೆಳಗಿನಿಂದ ರಾತ್ರಿಯವರೆಗೆ ಅವನ ಎದುರಿಗೆ ಹರಿಯುತ್ತವೆಯಂತೆ. “ಇಲ್ಲಿ ಯಾರೂ ನನ್ನ ವ್ಯಾಕರಣವನ್ನು ಕೇಳುವುದಿಲ್ಲ, ಚಿಲ್ಲರೆಯನ್ನು ಕೇಳುತ್ತಾರೆ” ಎಂದು ಬರೆದಿದ್ದನು. ರಜೆಯಲ್ಲಿ ಊರಿಗೆ ಬಂದಾಗ ನಾವಿಬ್ಬರೂ ಕಾರ್ಕಳದ ಗೊಮ್ಮಟಬೆಟ್ಟವನ್ನು ಹತ್ತಿದೆವು. ೧೪೩೨ರಲ್ಲಿ ಪ್ರತಿಷ್ಠಿತವಾದ ನಾಲ್ವತ್ತೆರಡು ಅಡಿಯ ಆ ಮೂರ್ತಿಯೆದುರು ಫ್ರಾನ್ಸು ದೇಶದ ದಂಪತಿಗಳು ನಿಂತಿದ್ದರು. ಅವರು ಏನನ್ನೋ ಕೇಳಿದರು. ಗೆಳೆಯನು ಅಳುಕದೆ ಉತ್ತರ ಹೇಳಿದನು. ಬಾಹುಬಲಿಯ ಕಥೆಯನ್ನೂ ಹೇಳಿದನು. ವಾಕ್ಯಗಳು ಮೊದಲಿನಂತೆಯೇ ಅಲ್ಲಲ್ಲಿ ಕುಂಟುತ್ತಿದ್ದುವು. ಆದರೆ ನನಗೆ ವಿಶೇಷವಾಗಿ ತೋರಿದುದು ಬೇರೆ. ಆ ಫ್ರೆಂಚ್ ಗೃಹಸ್ಥನೂ ನಡುನಡುವೆ ನಿಂತು, ಆಕಾಶವನ್ನು ನೋಡಿ, ಶಬ್ದವನ್ನು ಹುಡುಕುತ್ತಿದ್ದನು. ಅವನಿಗೂ ಅದು ಶಾಲೆಯಲ್ಲಿ ಕಲಿತ ನುಡಿ. ಇಂಗ್ಲಿಷನ್ನಾಡುವವರೆಲ್ಲರೂ ಇಂಗ್ಲೆಂಡಿನವರೆಂಬ ಭಾವನೆ ನಮ್ಮ ಹೆದರಿಕೆಯ ಅರ್ಧಭಾಗ. ಲೋಕದಲ್ಲಿ ಆ ಭಾಷೆಯು ಎಷ್ಟೋ ಸಲ ಇಬ್ಬರು ಪರಕೀಯರ ನಡುವೆ ಓಡಾಡುವ ದೋಣಿ. ಬೆಟ್ಟವನ್ನು ಇಳಿಯುವಾಗ ಗೆಳೆಯನು, “ನಿನ್ನಲ್ಲಿರುವ ವ್ಯಾಕರಣವನ್ನು ನನಗೆ ಕೊಡು, ನನ್ನ ಧೈರ್ಯವನ್ನು ನೀನು ತೆಗೆದುಕೋ” ಎಂದು ನಕ್ಕನು. ಆ ರಜೆಯ ಮೂರು ವಾರ ನಾವು ಹಾಗೆಯೇ ಮಾಡಿದೆವು. ಬೆಳಿಗ್ಗೆ ನಾನು ಅವನ ವಾಕ್ಯಗಳನ್ನು ತಿದ್ದುವುದು. ಸಂಜೆ ಅವನು ನನ್ನೊಡನೆ ಇಂಗ್ಲಿಷಿನಲ್ಲಲ್ಲದೆ ಮಾತನಾಡದಿರುವುದು. ಎರಡು ವರ್ಷಗಳ ಮೇಲೆ ಅವನು ಬಾಕಿಯಿದ್ದ ಆ ಒಂದು ಪರೀಕ್ಷೆಗೆ ಬಂದು ಕುಳಿತು ತನ್ನ ಮಾತಿನಲ್ಲಿಯೇ ಬರೆದು ಉತ್ತೀರ್ಣನಾದನು. ನಾನು ಅಷ್ಟರೊಳಗೆ ಬಿ.ಎ. ಮುಗಿಸಿದ್ದೆನು.

ಇಂಗ್ಲಿಷಿನಿಂದ ನಮಗಾದ ಉಪಕಾರವನ್ನು ಹೇಳಿದ್ದಾಯಿತು. ನಮ್ಮ ಭಾಷೆಯ ಕೆಲಸವನ್ನೂ ಒಂದಿಷ್ಟು ಹೇಳಬೇಕು. ಹಲವು ವರ್ಷಗಳ ತರುವಾಯ ನನ್ನ ತಾಯಿಯನ್ನು ಮಣಿಪಾಲದ ಆಸ್ಪತ್ರೆಗೆ ಕರೆದೊಯ್ದಿದ್ದೆನು. ಹಿಂದೆ ಬೋಳುಗುಡ್ಡವಾಗಿದ್ದ ಆ ಸ್ಥಳಕ್ಕೆ ಈಗ ದೇಶದೇಶಗಳ ಮಕ್ಕಳು ಓದಲು ಬರುತ್ತಾರೆ. ೧೯೯೩ರಿಂದ ಅದೇ ಒಂದು ವಿಶ್ವವಿದ್ಯಾಲಯದ ಅಂತಸ್ತನ್ನು ಪಡೆದಿದೆ. ಉತ್ತರದೇಶದ ಒಬ್ಬ ಎಳೆಯ ವೈದ್ಯಕೀಯ ವಿದ್ಯಾರ್ಥಿಯು ತಾಯಿಯ ಬಳಿ ಬಂದು, ಕೈಯಲ್ಲಿದ್ದ ಚಿಕ್ಕ ಪುಸ್ತಕವನ್ನು ನೋಡುತ್ತ, “ಅಮ್ಮ, ನೋವು, ಎಲ್ಲಿ?” ಎಂದು ಕನ್ನಡದಲ್ಲಿ ಕೇಳಿದನು. ಮುಖ ಕೆಂಪೇರಿತ್ತು, ಸ್ವರ ನಡುಗುತ್ತಿತ್ತು. ಮೂವತ್ತು ಮಂದಿಯ ಎದುರು ಎದ್ದು ನಿಂತ ನನ್ನ ಗೆಳೆಯನನ್ನೇ ನೋಡಿದಂತಾಯಿತು. ಅವನದೂ ಮಧ್ಯಮಾವಾಕ್ಕು, ಭಾಷೆ ಮಾತ್ರ ಬೇರೆ. ತಾಯಿಯು ತುಳುವಿನಲ್ಲಿ ಹೇಳಿದಳು. ನಾನು ಇಂಗ್ಲಿಷಿಗೆ ತಿರುಗಿಸಿದೆನು. ಆದರೆ ನಮ್ಮಲ್ಲಿ ನೋವು ಒಂದೇ ತೆರನಾದುದೇ? ಉರಿ ಬೇರೆ, ಚುಚ್ಚು ಬೇರೆ, ಜೋಮು ಬೇರೆ, ಸೆಳೆತ ಬೇರೆ. ‘ಸೆಳೆತ’ಕ್ಕೆ ಶಬ್ದವು ದೊರೆಯದೆ ಬಾವಿಯಿಂದ ಹಗ್ಗವನ್ನು ಎಳೆಯುವ ಅಭಿನಯವನ್ನು ಮಾಡಿದೆನು. ಅವನು ‘ಕ್ರ್ಯಾಂಪ್’ ಎಂದನು. ನಾನು ‘ಸೆಳೆತ’ ಎಂದೆನು. ಇಬ್ಬರೂ ಒಂದೊಂದು ಶಬ್ದವನ್ನು ಬರೆದುಕೊಂಡೆವು. ಮರುದಿನ ಅವನು ಬಂದು, “ಅಮ್ಮ, ಸೆಳೆತ ಉಂಟಾ?” ಎಂದು ನಮ್ಮ ಕರಾವಳಿಯ ರೀತಿಯಲ್ಲಿಯೇ ಕೇಳಿದಾಗ ನನ್ನ ತಾಯಿಯು ಆ ಹುಡುಗನ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ರೋಗಿಗೆ ತನ್ನ ನುಡಿಯನ್ನಾಡುವ ವೈದ್ಯನೆಂದರೆ ಅರ್ಧ ಔಷಧ.

ನಾನು ಕಾರ್ಕಳ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದೆನು. ಅಧ್ಯಾಪಕರಿಲ್ಲದ ವರ್ಷಗಳಲ್ಲಿ ಇಂಗ್ಲಿಷನ್ನೂ ಕಲಿಸಿದೆನು. ಈ ಅವಧಿಯಲ್ಲಿ ಕಾಲವು ಬಹಳ ಬದಲಾಯಿತು. ೨೦೦೭ರಿಂದ ಸರಕಾರಿ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದ ಇಂಗ್ಲಿಷು ಬಂದಿತು. ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿಯೇ ನಡೆಯಬೇಕೆಂದು ಸರಕಾರವು ಶಾಲೆಗಳನ್ನು ನಿರ್ಬಂಧಿಸುವಂತಿಲ್ಲವೆಂದು ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪನ್ನು ಕೊಟ್ಟಿತು. ಮೂರು ವರ್ಷದ ಕೂಸು ಹಳದಿ ಬಣ್ಣದ ವ್ಯಾನು ಹತ್ತಿ ಇಂಗ್ಲಿಷು ಶಾಲೆಗೆ ಹೋಗುವುದನ್ನು ಈಗ ಪ್ರತಿ ಹಳ್ಳಿಯಲ್ಲಿಯೂ ಕಾಣುತ್ತೇವೆ. ತಂದೆತಾಯಿಗಳನ್ನು ನಾನು ದೂಷಿಸಲಾರೆನು. ಹಿಂದಿನ ಬೆಂಚಿನ ಅವಮಾನವು ತಮ್ಮ ಮಕ್ಕಳಿಗೆ ಬೇಡವೆಂಬುದೇ ಅವರ ಆಶಯ. ಆದರೆ ನನ್ನ ಕೊನೆಯ ವರ್ಷಗಳ ತರಗತಿಗಳಲ್ಲಿ ನಾನು ಒಂದು ಹೊಸ ಬಗೆಯ ಮಕ್ಕಳನ್ನು ಕಂಡೆನು. ಅವರು ಇಂಗ್ಲಿಷಿನ ಸಣ್ಣಪುಟ್ಟ ಮಾತುಗಳನ್ನು ಅಳುಕದೆ ಆಡುತ್ತಾರೆ. ಇದು ನಮಗಿರದಿದ್ದ ಭಾಗ್ಯ. ಆದರೆ ಒಂದು ಸಂಗತಿಯನ್ನು ಕಾರಣಸಹಿತವಾಗಿ ಹತ್ತು ವಾಕ್ಯಗಳಲ್ಲಿ ಹೇಳೆಂದರೆ ಇಂಗ್ಲಿಷಿನಲ್ಲಿಯೂ ಹೇಳಲಾರರು, ಕನ್ನಡದಲ್ಲಿಯೂ ಹೇಳಲಾರರು, ಮನೆಮಾತಿನಲ್ಲಿಯೂ ಹೇಳಲಾರರು. ನಮಗೆ ವೈಖರಿಯು ಇರಲಿಲ್ಲ, ಮಧ್ಯಮೆಯು ಇತ್ತು. ಇವರಿಗೆ ವೈಖರಿಯು ಇದೆ. ಒಳಗೆ ಜೋಡಣೆಗೊಂಡ ಮಾತಿನ ಬಂಡವಾಳವು ಕಡಮೆ. ಎರಡರಲ್ಲಿ ಯಾವುದು ಹೆಚ್ಚು ಕಷ್ಟದ ಕೊರತೆ ಎಂಬುದನ್ನು ಅನುಭವಿಗಳು ಯೋಚಿಸಿ ನೋಡಬೇಕು.

ಕೇಳಲು ಬಂದವರಿಗೆ ನಾನು ಹೇಳುವುದು ಇಷ್ಟೇ. ಮಗುವು ಯಾವ ಶಾಲೆಗೆ ಹೋದರೂ ಮನೆಯಲ್ಲಿ ಮನೆಮಾತನ್ನು ಪೂರ್ಣವಾಗಿ ಆಡಿರಿ. ‘ವಾಟರ್ ಕುಡಿ’, ‘ಡೋರ್ ಹಾಕು’ ಎಂಬ ಕಲಬೆರಕೆಯಿಂದ ಎರಡು ಭಾಷೆಗಳೂ ಕೆಡುತ್ತವೆ. ರಾತ್ರಿ ಊಟವಾದ ಮೇಲೆ ಒಂದು ಕಥೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿಸಿರಿ, ಓದಿದುದನ್ನು ಅದರದೇ ಮಾತಿನಲ್ಲಿ ಹೇಳಿಸಿರಿ. ಶಿವರಾಮ ಕಾರಂತರು ಜಗತ್ತಿನ ವಿಜ್ಞಾನವನ್ನೆಲ್ಲ ಅರಗಿಸಿಕೊಂಡು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಕನ್ನಡದಲ್ಲಿ ಬರೆದುದನ್ನು ತೋರಿಸಿರಿ, ಕಲಿತ ಪರಭಾಷೆಯು ಕೊನೆಗೆ ಎಲ್ಲಿಗೆ ಹರಿದುಬರಬೇಕೆಂಬುದು ಅದರಿಂದ ತಿಳಿದೀತು. ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಆಗಿದ್ದರೆ ದಿನಕ್ಕೆ ಇಂಗ್ಲಿಷಿನ ಹತ್ತು ಸಾಲುಗಳನ್ನು ಗಟ್ಟಿಯಾಗಿ ಓದಲಿ, ಐದು ಸಾಲುಗಳನ್ನು ಯಾರ ಸಹಾಯವೂ ಇಲ್ಲದೆ ಬರೆಯಲಿ. ಬಾಯಿ ಬಿಡಲು ಒಬ್ಬ ಜೊತೆಗಾರನಿರಲಿ, ತಪ್ಪಿದರೆ ನಗದವನು. ಎಲ್ಲಕ್ಕಿಂತ ಮುಖ್ಯವಾಗಿ, ಕಲಿತ ಇಂಗ್ಲಿಷಿನಿಂದ ಇನ್ನೊಬ್ಬರಿಗೆ ಒಂದು ಕೆಲಸವನ್ನು ಮಾಡಿಕೊಡುವ ಸಂದರ್ಭ ಬಂದರೆ ತಪ್ಪಿಸಿಕೊಳ್ಳದಿರಲಿ. ಅಜ್ಜಿಯ ಔಷಧದ ಚೀಟಿಯಾಗಲಿ, ನೆರೆಯವರ ಬ್ಯಾಂಕಿನ ಕಾಗದವಾಗಲಿ, ಕೈಗೆ ಬಂದುದನ್ನು ಓದಿ ಅರ್ಥವನ್ನು ಸರಿಯಾಗಿ ಹೇಳಲಿ. ಈ ಮಾತನ್ನು ನಾನು ಪುಸ್ತಕದಿಂದ ಹೇಳುತ್ತಿಲ್ಲ; ನನ್ನ ಬಾಯಿಯನ್ನು ತೆರೆಸಿದುದು ನೆರೆಮನೆಯವಳ ಆ ಲಕೋಟೆ.